ಬಲಬದಿಯ ಗೀರು: ಗೋಡೆಗೆ ಮಡಚುವ ಮಂಚದೊಂದಿಗೆ ನಾಲ್ಕೂವರೆ ವರ್ಷ

ಗೋಡೆಗೆ ಮಡಚುವ ನಮ್ಮ ಮಂಚದ ಬಲಬದಿಯ ಹಲಗೆಯ ಒಳಮೈಯಲ್ಲಿ, ಕೈಬೆರಳಿನಷ್ಟು ಉದ್ದದ, ಬಿಲ್ಲಿನಂತೆ ಬಾಗಿದ ಒಂದು ಗೀರು ಇದೆ. ಮೂರನೆಯ ವರ್ಷದ ನಡುವೆ ಅದು ಕೂದಲೆಳೆಯಷ್ಟು ತೆಳುವಾಗಿ ಕಾಣಿಸಿಕೊಂಡಾಗ ಮಗಳ ಪೆನ್ಸಿಲ್ ತಾಗಿರಬಹುದೆಂದು ಒದ್ದೆ ಬಟ್ಟೆಯಿಂದ ಒರೆಸಿ ಸುಮ್ಮನಾದೆ. ಇಡೀ ಮಂಚದ ಸಮತೋಲ ತಪ್ಪುತ್ತಿರುವುದರ ಮೊದಲ ಸೂಚನೆ ಅದೇ ಆಗಿತ್ತು ಎಂದು ತಿಳಿಯಲು ನನಗೆ ಇನ್ನೂ ಎಂಟು ತಿಂಗಳು ಬೇಕಾಯಿತು. ಕೊಳ್ಳುವ ಮೊದಲು ನಾನು ಓದಿದ ವಿಮರ್ಶೆಗಳೆಲ್ಲ ಮೊದಲ ವಾರದಲ್ಲೋ ಮೊದಲ ತಿಂಗಳಲ್ಲೋ ಬರೆದವಾಗಿದ್ದವು. ಇಂಥದೊಂದು ಗೀರಿನ ವಿಷಯ ಅವುಗಳಲ್ಲಿ ಬರುವ ಸಾಧ್ಯತೆಯೇ ಇರಲಿಲ್ಲ. ಆದ್ದರಿಂದ ನಾಲ್ಕೂವರೆ ವರ್ಷ ದಿನವೂ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಉದ್ದಗಲ, ಬಣ್ಣ, ಹಲಗೆಯ ದಪ್ಪ ಮುಂತಾದ ವಿವರಗಳನ್ನು ಮಾರಾಟಗಾರರ ಪುಟದಲ್ಲಿ ನೀವು ಈಗಾಗಲೇ ನೋಡಿರುತ್ತೀರಿ ಎಂದು ಭಾವಿಸಿ ಅವುಗಳನ್ನು ಬಿಟ್ಟಿದ್ದೇನೆ.

ನಮ್ಮ ಮನೆಯಲ್ಲಿ ಇರುವುದು ಎರಡೇ ಕೋಣೆ. ಚಿಕ್ಕ ಕೋಣೆ ಹಗಲು ನನ್ನ ಕೆಲಸದ ಜಾಗವಾಗಿ, ಸಂಜೆ ಮಗಳ ಓದಿನ ಜಾಗವಾಗಿ, ರಾತ್ರಿ ನಮ್ಮ ಮಲಗುವ ಜಾಗವಾಗಿ ಒದಗಬೇಕು. ಹಿಂದೆ ಅಲ್ಲಿದ್ದ ಸಾಮಾನ್ಯ ಮಂಚ ನೆಲದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ದಿನವಿಡೀ ಹಿಡಿದಿಟ್ಟುಕೊಂಡು, ಬಳಕೆಯಾಗುತ್ತಿದ್ದುದು ಎಂಟು ಗಂಟೆ ಮಾತ್ರ. ಮಡಚುವ ಮಂಚಕ್ಕೆ ಅಂಥ ಮೂರು ಮಂಚಗಳ ಹಣ ಕೊಡಬೇಕಾಯಿತು. ಬೇರೆ ಎರಡು ಖರ್ಚುಗಳನ್ನು ಒಂದು ವರ್ಷ ಮುಂದೂಡಿ ಅದನ್ನು ಕೊಂಡೆವು. ಅಷ್ಟು ಯೋಚಿಸಿ ಕೊಂಡ ವಸ್ತುವಿನ ಬಗ್ಗೆ ನನ್ನ ನಿರೀಕ್ಷೆಯೂ ಆಗ ಹೆಚ್ಚೇ ಇತ್ತು.

ಮೊದಲ ಎರಡು ವರ್ಷ ಆ ನಿರೀಕ್ಷೆಗಿಂತ ಹೆಚ್ಚಿನದೇ ಸಿಕ್ಕಿತು. ಬೆಳಿಗ್ಗೆ ಎದ್ದ ಕೂಡಲೇ ಮಂಚವನ್ನು ಮಡಚುವುದಿಲ್ಲ. ರಾತ್ರಿಯಿಡೀ ಮೈಯ ಬೆವರು ಮತ್ತು ಉಸಿರಿನ ತೇವ ಹಾಸಿಗೆಯಲ್ಲಿ ಸೇರಿರುವುದರಿಂದ ಹೊದಿಕೆಯನ್ನು ಪೂರ್ತಿ ತೆಗೆದು, ಕಿಟಕಿ ತೆರೆದು, ಅರ್ಧ ಗಂಟೆ ಗಾಳಿಗೆ ಬಿಡುತ್ತೇನೆ. ಅಷ್ಟರಲ್ಲಿ ಮುಖ ತೊಳೆದು ಬಂದು, ದಿಂಬುಗಳನ್ನು ಪಕ್ಕದ ಪೆಟ್ಟಿಗೆಗೆ ಹಾಕಿ, ಹಾಸಿನ ಸುಕ್ಕುಗಳನ್ನು ಅಂಗೈಯಿಂದ ತಲೆಯ ಕಡೆಯಿಂದ ಕಾಲಿನ ಕಡೆಗೆ ಸವರಿ, ಎರಡು ಅಗಲವಾದ ಪಟ್ಟಿಗಳನ್ನು ಹಾಸಿಗೆಯ ಮೇಲೆ ಎಳೆದು ಸಿಕ್ಕಿಸುತ್ತೇನೆ. ಆಮೇಲೆ ಕಾಲಿನ ಕಡೆಯ ಅಂಚನ್ನು ಎರಡು ಬೆರಳಿನಿಂದ ಎತ್ತಿದರೆ ಸಾಕು. ಮೊಣಕಾಲಿನ ಎತ್ತರ ದಾಟುವವರೆಗೆ ನನ್ನ ಬಲ ಬೇಕು, ಸೊಂಟದ ಎತ್ತರಕ್ಕೆ ಬಂದ ಮೇಲೆ ಮಂಚ ತಾನೇ ಮೇಲೇಳಲು ತೊಡಗುತ್ತದೆ, ಕೊನೆಯ ಒಂದು ಗೇಣು ದೂರವನ್ನು ನಿಧಾನಿಸಿ ಸಾಗಿ ಸದ್ದಿಲ್ಲದೆ ಗೋಡೆ ಸೇರುತ್ತದೆ. ಅದು ಗೋಡೆ ಸೇರಿದ ಗಳಿಗೆಯಲ್ಲಿ ಕಿಟಕಿಯ ಬೆಳಕು ನೆಲದ ಆ ತುದಿಯವರೆಗೂ ಹರಡುವುದನ್ನು ನೋಡುವುದು ನನಗೆ ದಿನದ ಮೊದಲ ಸಂತೋಷ. ಹಾಸಿಗೆ ಮಡಚಿಡುವುದು ಮೊದಲು ಬೇಸರದ ಕೆಲಸವಾಗಿತ್ತು. ಈಗ ಅದನ್ನು ಬೇರೆಯವರಿಗೆ ಬಿಟ್ಟುಕೊಡಲು ನನಗೆ ಮನಸ್ಸಾಗುವುದಿಲ್ಲ.

ಇದರ ಮುಖದ ಹಲಗೆಗೆ ಒಂದು ಮೇಜು ಜೋಡಿಸಿದೆ. ಮಂಚ ಕೆಳಗಿಳಿಯುವಾಗ ಈ ಮೇಜು ಓರೆಯಾಗದೆ, ಸಮಾನಾಂತರವಾಗಿ ಕೂಡಿಸಿದ ಪಟ್ಟಿಗಳ ಆಸರೆಯಲ್ಲಿ, ಮಟ್ಟವಾಗಿಯೇ ಇಳಿದು ಮಂಚದ ಅಡಿಗೆ ಸರಿಯುತ್ತದೆ. ಹೀಗಾಗಿ ತೆರೆದಿಟ್ಟ ಪುಸ್ತಕ, ಅರ್ಧ ಬರೆದ ಹಾಳೆ, ಅದರ ಮೇಲಿನ ಪೆನ್ನು ಎಲ್ಲವೂ ರಾತ್ರಿ ನಮ್ಮ ಹಾಸಿಗೆಯ ಕೆಳಗೆ ಹೋಗಿ, ಬೆಳಿಗ್ಗೆ ಇಟ್ಟ ಹಾಗೆಯೇ ಮೇಲೆ ಬರುತ್ತವೆ. ಮಂಚವನ್ನೂ ಮೇಜನ್ನೂ ಒಂದೇ ಪೀಠೋಪಕರಣದಲ್ಲಿ ಕೂಡಿಸುವ ಆಲೋಚನೆ ಹೊಸದೇನಲ್ಲ. ಅಮೆರಿಕದ ಶಿಕಾಗೋದಲ್ಲಿ ಪೀಠೋಪಕರಣಗಳ ಅಂಗಡಿ ನಡೆಸುತ್ತಿದ್ದ ಸಾರಾ ಗುಡ್ ಎಂಬ ಕಪ್ಪು ಮಹಿಳೆ, ಮಡಚಿದರೆ ಬರೆಯುವ ಮೇಜಾಗುವ ಮಂಚಕ್ಕೆ 1885ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಕಾಗದ ಮತ್ತು ಬರೆಯುವ ಸಾಮಗ್ರಿಗಳಿಗೆ ಅದರಲ್ಲಿ ಪ್ರತ್ಯೇಕ ಗೂಡುಗಳೂ ಇದ್ದವು. ಇಕ್ಕಟ್ಟಾದ ಮನೆಗಳಲ್ಲಿ ಬದುಕುವವರ ಕಷ್ಟವನ್ನು ಹತ್ತಿರದಿಂದ ನೋಡಿದವರಿಗೆ ಮಾತ್ರ ಆ ಗೂಡುಗಳ ಬೆಲೆ ಹೊಳೆಯಲು ಸಾಧ್ಯ ಎಂದು ನನಗೆ ಅನ್ನಿಸುತ್ತದೆ. ನಮ್ಮ ಮೇಜಿನಲ್ಲಿ ಅಂಥ ಗೂಡುಗಳಿಲ್ಲ, ಮತ್ತು ಒಂದು ಗೇಣಿಗಿಂತ ಎತ್ತರದ ವಸ್ತುವನ್ನು ಅದರ ಮೇಲೆ ಬಿಡುವಂತಿಲ್ಲ. ಆದ್ದರಿಂದ ಲ್ಯಾಪ್‌ಟಾಪ್ ಬಳಸುವವರಿಗೆ ಇದು ಹೊಂದುತ್ತದೆ, ದೊಡ್ಡ ಪರದೆ ಬೇಕೆನ್ನುವವರಿಗೆ ಹೊಂದುವುದಿಲ್ಲ.

ಗೀರಿನ ಕಥೆ ಅರ್ಥವಾಗಬೇಕಾದರೆ ಈ ಮಂಚ ಎರಡು ಬೆರಳಿಗೆ ಏಕೆ ಮೇಲೇಳುತ್ತದೆ ಎಂಬುದನ್ನು ಹೇಳಬೇಕು. ಸ್ಯಾನ್ ಫ್ರಾನ್ಸಿಸ್ಕೋದ ವಿಲಿಯಂ ಲಾರೆನ್ಸ್ ಮರ್ಫಿ 20ನೇ ಶತಮಾನದ ಆರಂಭದಲ್ಲಿ ಮಾರುಕಟ್ಟೆಗೆ ತಂದ ಮಂಚಗಳಲ್ಲಿ ಉಕ್ಕಿನ ಸುರುಳಿ ಸ್ಪ್ರಿಂಗ್‌ಗಳು ಭಾರವನ್ನು ಹೊರುತ್ತಿದ್ದವು. ಆ ಮಂಚಗಳು ಎಷ್ಟು ಜನಪ್ರಿಯವಾದವೆಂದರೆ, ಮರ್ಫಿ ಮಂಚ ಎಂಬುದು ಈಗ ಸಾಮಾನ್ಯ ನಾಮವಾಗಿದೆ, ಒಂದು ಕಂಪನಿಯ ಸ್ವತ್ತಲ್ಲ ಎಂದು 1989ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೇ ಹೇಳಿತು. ಇಂದಿನ ಅನೇಕ ಮಂಚಗಳಲ್ಲಿ ಸುರುಳಿಗಳ ಬದಲು ಎರಡು ಬದಿಗೆ ಒಂದೊಂದು ಗ್ಯಾಸ್ ಸ್ಪ್ರಿಂಗ್ ಇರುತ್ತದೆ. ಕಾರಿನ ಹಿಂಬಾಗಿಲನ್ನು ಎತ್ತಿ ಹಿಡಿಯುವ ಕೊಳವೆಗಳಂಥವೇ ಇವು. ಕೊಳವೆಯೊಳಗೆ ಹೆಚ್ಚಿನ ಒತ್ತಡದ ಸಾರಜನಕ ಮತ್ತು ಸ್ವಲ್ಪ ಎಣ್ಣೆ ಇರುತ್ತದೆ, ಒಂದು ತುದಿಯಿಂದ ಉಕ್ಕಿನ ಸರಳು ಹೊರಬರುತ್ತದೆ. ಮಂಚ ಕೆಳಗಿಳಿದಂತೆ ಸರಳು ಒಳಗೆ ಒತ್ತಿಕೊಂಡು ಅನಿಲವನ್ನು ಇನ್ನಷ್ಟು ಅಮುಕುತ್ತದೆ, ಮೇಲೆತ್ತುವಾಗ ಆ ಒತ್ತಡವೇ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ನಮ್ಮ ಮಂಚದ ಸ್ಪ್ರಿಂಗ್‌ಗಳ ಮೇಲೆ 1200 ನ್ಯೂಟನ್ ಎಂದು ಮುದ್ರಿಸಲಾಗಿದೆ. ಎಂದರೆ ಪ್ರತಿಯೊಂದೂ ಸುಮಾರು 122 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲದಿಂದ ತಳ್ಳುತ್ತದೆ. ಈ ಬಲವನ್ನು ಹಾಸಿಗೆಯ ತೂಕಕ್ಕೆ ಹೊಂದಿಸಿ ಆರಿಸಿರುತ್ತಾರೆ. ಹಾಸಿಗೆ ಭಾರವಾದರೆ ಮಂಚ ದಡಕ್ಕನೆ ಇಳಿಯುತ್ತದೆ, ತೀರ ಹಗುರವಾದರೆ ಕೆಳಗೆ ನಿಲ್ಲಲು ಒಪ್ಪದೆ ಮೇಲೇಳಲು ನೋಡುತ್ತದೆ.

ಅನಿಲಕ್ಕೆ ಚಳಿಯ ಪ್ರಭಾವವೂ ಇದೆ. ಕೋಣೆಯ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್‌ನಿಂದ 10 ಡಿಗ್ರಿಗೆ ಇಳಿದರೆ ಕೊಳವೆಯೊಳಗಿನ ಒತ್ತಡ ಸುಮಾರು ಶೇ. 6.5ರಷ್ಟು ಕಡಿಮೆಯಾಗುತ್ತದೆ. ಮೊದಲ ಚಳಿಗಾಲದಲ್ಲಿ ಮಂಚ ತುಸು ಭಾರವೆನಿಸಿದಾಗ ಇದನ್ನು ಓದಿ ತಿಳಿದುಕೊಂಡೆ, ಬೇಸಿಗೆ ಬಂದ ಮೇಲೆ ಅದು ಮತ್ತೆ ಹಗುರವಾಯಿತು, ನನಗೆ ಸಮಾಧಾನವಾಯಿತು. ಆ ತಿಳಿವಳಿಕೆಯೇ ಮುಂದೆ ನನ್ನನ್ನು ತಪ್ಪು ದಾರಿಗೆ ಹಚ್ಚಿತು. ಮೂರನೆಯ ವರ್ಷದ ಚಳಿಗಾಲದಲ್ಲಿ ಎರಡು ಬೆರಳು ಸಾಲದೆ ಎರಡು ಕೈ ಬೇಕಾದವು, ಆಮೇಲೆ ಭುಜ ಕೊಡಬೇಕಾಯಿತು. ಪ್ರತಿ ಬಾರಿಯೂ ಚಳಿಯ ಕಾರಣ ಹೇಳಿಕೊಂಡು ದಿನ ದೂಡಿದೆ. ಬೇಸಿಗೆ ಬಂತು, ಮಂಚ ಹಗುರವಾಗಲಿಲ್ಲ. ಒಂದು ಸಂಜೆ, ಅದುವರೆಗೆ ತಾನೇ ಮಂಚ ಇಳಿಸುತ್ತಿದ್ದ ಹನ್ನೊಂದು ವರ್ಷದ ಮಗಳ ಕೈಯಿಂದ ಬಲಮೂಲೆ ಜಾರಿ ನೆಲಕ್ಕೆ ಬಡಿಯಿತು. ಅವಳ ಕಾಲು ಒಂದು ಅಡಿ ಹಿಂದೆ ಇತ್ತು. ಅಂದಿನಿಂದ ಮಂಚ ಮುಟ್ಟುವುದು ಬೇಡವೆಂದು ಅವಳಿಗೆ ಹೇಳಬೇಕಾಯಿತು. ತನ್ನದೆಂದುಕೊಂಡಿದ್ದ ಒಂದು ಕೆಲಸವನ್ನು ಕಳೆದುಕೊಂಡ ಅವಳ ಮುಖವನ್ನು ನೋಡಿದಾಗ ಈ ಮಂಚದ ಮೇಲಿದ್ದ ನನ್ನ ಪ್ರೀತಿಯೆಲ್ಲ ಸಿಟ್ಟಾಗಿ ತಿರುಗಿತು.

ಮಾರಿದ ಕಂಪನಿಗೆ ದೂರು ಕೊಟ್ಟೆ. ಮೊದಲ ಸಲ ಬಂದವರು ಕೀಲುಗಳಿಗೆ ಎಣ್ಣೆ ಬಿಟ್ಟು ಹೋದರು. ಎರಡನೆಯ ಸಲ ಬಂದವರು ಬೋಲ್ಟುಗಳನ್ನು ಬಿಗಿಮಾಡಿ, ನಮ್ಮ ಹಾಸಿಗೆಯೇ ಮಿತಿ ಮೀರಿದ ಭಾರದ್ದು ಎಂದರು. ಅವರು ಹೋದ ಮೇಲೆ ಹಾಸಿಗೆಯನ್ನು ಸುತ್ತಿ ತೂಗಿದೆ: 27 ಕಿಲೋಗ್ರಾಂ ಇತ್ತು, ಕೈಪಿಡಿಯಲ್ಲಿ ಹೇಳಿದ್ದ ಮಿತಿ 32. ಇದನ್ನು ಬರೆದು ಕಳಿಸಿದಾಗ, ಮಂಚದ ಚೌಕಟ್ಟಿಗೆ ಐದು ವರ್ಷದ ವಾರಂಟಿ ಇದ್ದರೂ ಗ್ಯಾಸ್ ಸ್ಪ್ರಿಂಗ್‌ಗಳು ಸವೆಯುವ ಭಾಗಗಳಾದ್ದರಿಂದ ಅವು ಎರಡೇ ವರ್ಷದ ವಾರಂಟಿಗೆ ಒಳಪಡುತ್ತವೆ ಎಂಬ ಉತ್ತರ ಬಂತು. ಮಂಚದ ಇಡೀ ಗುಣ ಯಾವ ಎರಡು ಕೊಳವೆಗಳ ಮೇಲೆ ನಿಂತಿದೆಯೋ ಅವುಗಳನ್ನೇ ಮುಖ್ಯ ವಾರಂಟಿಯಿಂದ ಹೊರಗಿಟ್ಟಿರುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಕೊಳ್ಳುವ ಮೊದಲು ಈ ಒಂದು ಸಾಲನ್ನು ಹುಡುಕಿ ಓದಿ ಎಂದು ಎಲ್ಲರಿಗೂ ಹೇಳುತ್ತೇನೆ.

ಆಮೇಲೆ ಟಾರ್ಚ್ ಹಿಡಿದು ಎರಡು ಬದಿಗಳನ್ನೂ ಹೋಲಿಸಿ ನೋಡಿದೆ. ಎಡಬದಿಯ ಸ್ಪ್ರಿಂಗಿನಲ್ಲಿ ದಪ್ಪ ಕೊಳವೆ ಮೇಲೆ, ತೆಳ್ಳನೆಯ ಸರಳು ಕೆಳಗೆ ಇತ್ತು, ಸರಳು ಕನ್ನಡಿಯಂತೆ ಹೊಳೆಯುತ್ತಿತ್ತು. ಬಲಬದಿಯಲ್ಲಿ ಅದು ತಲೆಕೆಳಗಾಗಿತ್ತು: ಸರಳು ಮೇಲೆ, ಕೊಳವೆ ಕೆಳಗೆ, ಸರಳು ಹೊರಬರುವ ಬಾಯಿಯ ಸುತ್ತ ಎಣ್ಣೆ ಮತ್ತು ಧೂಳು ಸೇರಿ ಕಪ್ಪು ಉಂಗುರ ಕಟ್ಟಿತ್ತು. ಕೈಪಿಡಿಯ ಜೋಡಣೆಯ ಚಿತ್ರದಲ್ಲಿ ಎರಡೂ ಸರಳುಗಳು ಕೆಳಮುಖವಾಗಿವೆ. ಅದಕ್ಕೆ ಕಾರಣವಿದೆ. ಸರಳು ಕೆಳಮುಖವಾಗಿದ್ದರೆ ಒಳಗಿನ ಎಣ್ಣೆ ಬಾಯಿಯ ರಬ್ಬರ್ ಸೀಲಿನ ಮೇಲೆ ನಿಂತು ಅದನ್ನು ಸದಾ ತೇವವಾಗಿಡುತ್ತದೆ. ಮೇಲ್ಮುಖವಾಗಿದ್ದರೆ ಎಣ್ಣೆ ತಳ ಸೇರುತ್ತದೆ, ಸೀಲ್ ಒಣಗಿ ಬೇಗ ಸವೆಯುತ್ತದೆ, ಅನಿಲ ಸ್ವಲ್ಪ ಸ್ವಲ್ಪವಾಗಿ ಸೋರಿಹೋಗುತ್ತದೆ. ಜೋಡಿಸಲು ಬಂದವರು ಮೊದಲ ದಿನವೇ ಬಲಬದಿಯದನ್ನು ತಿರುವುಮುರುವಾಗಿ ಕೂರಿಸಿದ್ದರು. ಬಲಬದಿ ಸೊರಗಿದಂತೆ ಎಡಬದಿ ಒಂದೇ ತಳ್ಳತೊಡಗಿ, ಚೌಕಟ್ಟು ತಿರುಚಿಕೊಂಡು, ಅದರ ಬಲಮೂಲೆ ಏರಿಳಿಯುವಾಗಲೆಲ್ಲ ಪಕ್ಕದ ಹಲಗೆಯನ್ನು ಉಜ್ಜುತ್ತಿತ್ತು. ಎಂಟು ತಿಂಗಳ ಹಿಂದೆ ನಾನು ಒದ್ದೆ ಬಟ್ಟೆಯಿಂದ ಒರೆಸಿದ್ದ ಗೀರು ಹುಟ್ಟಿದ್ದು ಹೀಗೆ.

ಎರಡೂ ಬದಿಗಳ ಚಿತ್ರ ತೆಗೆದು, ಪಕ್ಕದಲ್ಲಿ ಕೈಪಿಡಿಯ ಪುಟವನ್ನಿಟ್ಟು ಕಳಿಸಿದೆ. ತಪ್ಪಾಯಿತು ಎಂಬ ಮಾತು ಕೊನೆಗೂ ಬರಲಿಲ್ಲ, ಆದರೆ ಒಂದು ತಿಂಗಳ ನಂತರ ಹೊಸ ಜೋಡಿ ಬಂತು. ಅದರ ಹಣವನ್ನು ನಾನೇ ಕೊಟ್ಟೆ. ಒಂದು ಬದಿಯದನ್ನು ಮಾತ್ರ ಬದಲಾಯಿಸಿದರೆ ಹಳೆಯದೂ ಹೊಸದೂ ಬೇರೆ ಬೇರೆ ಬಲದಿಂದ ತಳ್ಳುವುದರಿಂದ ಎರಡನ್ನೂ ಒಟ್ಟಿಗೆ ಬದಲಾಯಿಸುವುದೇ ಸರಿ. ಮಂಚ ಪೂರ್ತಿ ಮೇಲಿದ್ದು, ಸರಳುಗಳು ಪೂರ್ತಿ ಹೊರಬಂದು, ಒತ್ತಡ ಅತ್ಯಂತ ಕಡಿಮೆಯಿರುವಾಗ, ಮಂಚವನ್ನು ಗೋಡೆಗೆ ಭದ್ರವಾಗಿ ಕಟ್ಟಿ, ಅನುಭವವಿರುವ ಬಡಗಿಯೊಬ್ಬರಿಂದ ಈ ಕೆಲಸ ಮಾಡಿಸಿದೆ. ಹಳೆಯ ಕೊಳವೆಯನ್ನು ಕೊರೆಯುವುದು, ಬಿಸಿಮಾಡುವುದು, ಬಿಚ್ಚಲು ನೋಡುವುದು ಅಪಾಯ. ಸೊರಗಿದ ಕೊಳವೆಯಲ್ಲೂ ಒತ್ತಡ ಉಳಿದಿರುತ್ತದೆ. ಬಡಗಿ ತಮ್ಮ ರಸಮಟ್ಟವನ್ನು ಚೌಕಟ್ಟಿನ ಮೇಲಿಟ್ಟು, ಗುಳ್ಳೆ ನಡುವೆ ನಿಂತ ಮೇಲೆ, ಇಳಿಸಿ ನೋಡಿ ಎಂದರು. ನಾನು ಪಕ್ಕಕ್ಕೆ ಸರಿದು ಮಗಳನ್ನು ಕರೆದೆ. ಅವಳು ಒಂದೇ ಕೈಯಲ್ಲಿ ಇಳಿಸಿ, ಎರಡು ಬೆರಳಿನಿಂದ ಎತ್ತಿದಳು.

ಅಂದಿನಿಂದ ಸಿಟ್ಟು ಇಳಿದಿದೆ, ಹಾಗೆಂದು ದೂರುಗಳು ಇಲ್ಲವೆಂದಲ್ಲ. ಸರಳು ಯಾವ ದಿಕ್ಕಿಗಿರಬೇಕೆಂಬುದನ್ನು ಚಿತ್ರದಲ್ಲಿ ತೋರಿಸಿದರೆ ಸಾಲದು, ಕೊಳವೆಯ ಮೇಲೆಯೇ ಒಂದು ಬಾಣದ ಗುರುತು ಅಂಟಿಸಬೇಕು. ತಯಾರಕರಿಗೆ ಅದಕ್ಕೆ ತಗಲುವ ಖರ್ಚು ಲೆಕ್ಕಕ್ಕೂ ಬಾರದು. ಮೇಜಿನ ಅಂಚಿನ ಪಟ್ಟಿ ಒಂದೆಡೆ ಬಿಟ್ಟುಕೊಂಡಿತ್ತು, ಅಂಟಿನಿಂದ ಸರಿಹೋಯಿತು. ಒಳಗಿನ ದೀಪದ ಪಟ್ಟಿಯನ್ನು ನಾವು ಬಳಸುವುದೇ ಅಪರೂಪ. ಹಾಸಿಗೆಯ ಅಡಿಯ ಹಲಗೆಯಲ್ಲಿ ಗಾಳಿಗೆಂದು ಕೊರೆದ ರಂಧ್ರಗಳು ಇನ್ನಷ್ಟು ಇರಬೇಕಿತ್ತು. ಬೆಳಿಗ್ಗೆ ಅರ್ಧ ಗಂಟೆ ಬಿಡುವ ಅಭ್ಯಾಸ ಇಲ್ಲದಿದ್ದರೆ ಹಾಸಿಗೆಯಲ್ಲಿ ಮುಗ್ಗಲು ವಾಸನೆ ಬರುವುದು ಖಂಡಿತ. ಮಂಚವನ್ನು ಗಟ್ಟಿಯಾದ ಗೋಡೆಗೆ ಆಂಕರ್ ಬೋಲ್ಟುಗಳಿಂದ ಬಿಗಿಯಬೇಕು. ತೆಳುವಾದ ಹಲಗೆಯ ಗೋಡೆ ಇರುವವರೂ, ಗೋಡೆ ಕೊರೆಯಲು ಮನೆಯ ಮಾಲೀಕರ ಅನುಮತಿ ಇಲ್ಲದ ಬಾಡಿಗೆದಾರರೂ ಇದರ ಆಸೆ ಬಿಡುವುದು ಒಳ್ಳೆಯದು.

ದಿನವೂ ಮಡಚುವ ಶಿಸ್ತು ಇರುವವರಿಗೆ, ನೆಲದ ಆ ಜಾಗ ನಿಜವಾಗಿ ಬೇಕಾದವರಿಗೆ, ನಾನು ಇದನ್ನು ಈಗಲೂ ಶಿಫಾರಸು ಮಾಡುತ್ತೇನೆ. ವಾರಕ್ಕೊಮ್ಮೆ ಮಾತ್ರ ಮಡಚುವವರಿಗೆ ಸಾಮಾನ್ಯ ಮಂಚವೇ ಲೇಸು, ಉಳಿದ ಹಣಕ್ಕೆ ಒಳ್ಳೆಯ ಹಾಸಿಗೆ ಬರುತ್ತದೆ. ಕೊಳ್ಳುವವರು ಜೋಡಿಸುವ ದಿನ ಮನೆಯಲ್ಲೇ ಇದ್ದು, ಎರಡೂ ಸರಳುಗಳು ಕೆಳಮುಖವಾಗಿವೆಯೇ ಎಂದು ನೋಡಿದ ಮೇಲೆಯೇ ಕಾಗದಕ್ಕೆ ಸಹಿ ಹಾಕಬೇಕು.

ಗೀರು ಬಿದ್ದ ಹಲಗೆಯನ್ನು ಬದಲಾಯಿಸಲಿಲ್ಲ. ಹೊಸ ಸ್ಪ್ರಿಂಗ್ ಹಾಕಿದ ದಿನ ಅದರ ಎರಡು ತುದಿಗಳಲ್ಲೂ ಪೆನ್ಸಿಲಿನಿಂದ ಸಣ್ಣ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆದಿದ್ದೇನೆ. 15 ತಿಂಗಳಾಯಿತು, ಗೀರು ಆ ಗೆರೆಗಳನ್ನು ದಾಟಿಲ್ಲ.