ಮೂರು ವರ್ಷ ಮೋಹಕ ಬಲೆ ಕಟ್ಟಿ ನೋಡಿದ್ದು: ಯಾವ್ದು ಹಿಡೀತು, ಯಾವ್ದು ಮಂಗನ ಪಾಲಾಯ್ತು

ಮೊದ್ಲೇ ಹೇಳ್ಬಿಡ್ತೀನಿ, ವಾಸನೆ ತೋರಿಸಿ ಹುಳ, ನೊಣ ಹಿಡಿಯೋ ಟ್ರಾಪ್ ಬಗ್ಗೆ ಇದು, ಒಂದೇ ಕಂಪನಿದಲ್ಲ. ಮೂರು ವರ್ಷದಲ್ಲಿ ಮೂರ್ನಾಲ್ಕು ಕಂಪನಿದು ತಂದಿದೀನಿ, ಡಬ್ಬಿ ಎಲ್ಲಾ ಒಂದೇ ಥರ, ಒಳಗೆ ಹಾಕೋ ಲೂರ್ (ಕೀಟ ಕರೆಯೋ ವಾಸನೆ ಪದಾರ್ಥ) ಯಾವ್ದು ಮತ್ತೆ ಅದನ್ನ ಎಲ್ಲಿ ಕಟ್ತೀವಿ ಅನ್ನೋದೇ ಎಲ್ಲಾ. ನಮ್ದು ಗಾಜನೂರು ದಾಟಿ ಮಂಡಗದ್ದೆ ಕಡೆ. ಎರಡೆಕರೆ ಅಡಿಕೆ, ಬೇಲಿ ಸಾಲಲ್ಲಿ ಇಪ್ಪತ್ತು ಚಿಲ್ಲರೆ ತೆಂಗು, ಮೇಲಿನ ಖುಷ್ಕಿಲಿ ಒಂದೂವರೆ ಎಕರೆ ಮೆಕ್ಕೆಜೋಳ, ಹಿತ್ಲಲ್ಲಿ ಅಮ್ಮನ ಹೀರೆ, ಹಾಗಲದ ಚಪ್ಪರ, ಒಂದಿಷ್ಟು ಮೊಗೆಕಾಯಿ ಪಾತಿ. ಈ ಬಲೆ ಹುಚ್ಚು ಶುರುವಾಗಿದ್ದೇ ಆ ಚಪ್ಪರದಿಂದ.

ಹೀರೆಕಾಯಿ ಬೆರಳುದ್ದ ಆಗೋದ್ರೊಳಗೆ ಹಳದಿ ತಿರುಗಿ ಸೊಟ್ಟಾಗಿ ಉದುರೋದು, ಕೊಯ್ದು ನೋಡಿದ್ರೆ ಒಳಗೆ ಬಿಳಿ ಹುಳ. ಪೇಟೆಲಿ ಒಂದು ಅಂಗಡಿಗೆ ಹೋಗಿ ಹಣ್ಣು ನೊಣದ್ದು ಟ್ರಾಪ್ ಕೊಡಿ ಅಂದೆ, ಅವ್ನು ಎರಡು ಕೊಟ್ಟ, ಯಾವ ಬೆಳೆಗೆ ಅಂತ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಕಟ್ಟಿ ಒಂದು ವಾರಕ್ಕೆ ಡಬ್ಬಿ ತಳ ಕಾಣದಷ್ಟು ನೊಣ! ಖುಷಿಲಿ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೂ ಹಾಕಿದ್ದೆ. ಹೀರೆಕಾಯಿ ಮಾತ್ರ ಮೊದ್ಲಿನ ಹಂಗೇ ಕೊಳೀತಾ ಇತ್ತು. ಅಮ್ಮ ದಿನಾ ಬೆಳಿಗ್ಗೆ ಒಂದು ಬುಟ್ಟಿ ಉದುರಿದ ಕಾಯಿ ತಂದು ನನ್ನ ಮುಂದೆ ಸುರಿದು "ನಿನ್ನ ಬಲೆಗೆ ಬೀಳೋ ನೊಣ ಬೇರೆ, ನನ್ನ ಕಾಯಿ ಚುಚ್ಚೋ ನೊಣ ಬೇರೆ ಕಣೋ" ಅಂತಿದ್ರು. ನಾನು ನಗ್ತಿದ್ದೆ.

ಅವ್ರು ಹೇಳಿದ್ದೇ ಸರಿ. ಆಮೇಲೆ ಕೃಷಿ ಮೇಳದಲ್ಲಿ ಒಬ್ರು ಪ್ಯಾಕೆಟ್ ನೋಡಿ ಹೇಳಿದ್ರು, ಇದ್ರಲ್ಲಿರೋದು ಮೀಥೈಲ್ ಯುಜಿನಾಲ್, ಇದು ಮಾವು, ಪೇರಲೆ ನೊಣಕ್ಕೆ, ಹೀರೆ, ಹಾಗಲ, ಸೌತೆ ನೊಣಕ್ಕೆ ಕ್ಯೂ ಲೂರ್ ಅಂತ ಬೇರೆ ಇದೆ. ಒಂದು ಸೀಸನ್ ಪೂರ್ತಿ ನಾನು ಬಾವಿ ಕಟ್ಟೆ ಪಕ್ಕದ ಪೇರಲೆ ಮರದ ನೊಣ ಹಿಡೀತಾ ಕೂತಿದ್ದೆ! ಪ್ಯಾಕೆಟ್ ಮೇಲೆ ಬರೆದಿರ್ತಾರೆ, ಆದ್ರೆ ಇರುವೆ ಸಾಲಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ.

ಈ ಮೀಥೈಲ್ ಯುಜಿನಾಲ್ ಕತೆ ಮಜಾ ಇದೆ. ಇದು ಹೆಣ್ಣು ನೊಣದ ವಾಸನೆ ಅಂತ ಸುಮಾರು ಜನ ಅಂದ್ಕೊಂಡಿದಾರೆ, ಅಲ್ಲ. ಇದು ಗಿಡದಲ್ಲಿರೋದು, ನಮ್ಮ ತುಳಸಿಲೂ ಇದೆ. ಗಂಡು ನೊಣ ಇದನ್ನ ತಿಂದು ಹೊಟ್ಟೆಲಿ ಬದಲಾಯಿಸಿ ತನ್ನದೇ ಅತ್ತರು ಮಾಡ್ಕೊಂಡು ಹೆಣ್ಣಿನ ಹತ್ರ ಹೋಗತ್ತೆ, ತಿಂದವನಿಗೆ ಹೆಣ್ಣು ಒಲಿಯೋದು ಜಾಸ್ತಿ ಅಂತೆ. ನಮ್ಮ ತುಳಸಿಕಟ್ಟೆಲಿ ಸಣ್ಣ ಕಣಜದ ಥರ ನೊಣ ಯಾಕೆ ಕೂರ್ತವೆ ಅಂತ ಆಗ ತಲೆಗೆ ಹೋಯ್ತು. ಬಿಹಾರದ ಪೂಸಾದಲ್ಲಿದ್ದ ಹೌಲೆಟ್ ಅನ್ನೋ ಕೀಟತಜ್ಞನಿಗೆ ಇದ್ರ ಸುಳಿವು ಸಿಕ್ಕಿದ್ದು ಸೊಳ್ಳೆ ಓಡಿಸೋ ಸಿಟ್ರೊನೆಲ್ಲಾ ಎಣ್ಣೆಯಿಂದ, ಆ ವಾಸನೆಗೆ ಹಣ್ಣು ನೊಣ ಮುತ್ತಿದ್ದನ್ನ 1912ರಲ್ಲೇ ಬರೆದಿಟ್ಟಿದಾನೆ. ನನಗೂ ಹಂಗೇ ಆಯ್ತು, ಲೂರ್ ಬದಲಾಯಿಸಿದ ಕೈಯನ್ನ ಅಂಗಿಗೆ ಒರೆಸ್ಕೊಂಡು ಅದೇ ಅಂಗಿಲಿ ಒಂದು ಗೃಹಪ್ರವೇಶಕ್ಕೆ ಹೋಗ್ಬಿಟ್ಟಿದ್ದೆ, ಊಟದ ಪಂಕ್ತಿಲಿ ನನ್ನ ಕಿಸೆ ಮೇಲೇ ಏಳೆಂಟು ನೊಣ, ಪಕ್ಕದಲ್ಲಿ ಕೂತವ್ರು "ಎಂತ ಮಾರಾಯ, ಸ್ನಾನ ಮಾಡಿಲ್ವನಾ" ಅಂದ್ರು. ಗ್ಲೌಸ್ ಹಾಕ್ಕೊಳ್ಳಿ, ಇಲ್ಲಾಂದ್ರೆ ಪ್ಲಾಸ್ಟಿಕ್ ಕವರ್ ಆದ್ರೂ ಸುತ್ಕೊಳ್ಳಿ. ಒಂದು ಲೂರ್ ಮುಟ್ಟಿದ ಕೈಲಿ ಇನ್ನೊಂದು ಮುಟ್ಟಿದ್ರೆ ಅದೂ ಕೆಡತ್ತೆ.

ಎರಡನೇ ವರ್ಷ ಕ್ಯೂ ಲೂರ್ ಹಾಕಿದ್ಮೇಲೆ ಚಪ್ಪರ ಉಸಿರಾಡ್ತು. ಪೂರ್ತಿ ಹೋಗ್ಲಿಲ್ಲ. ಯಾಕಂದ್ರೆ ಬೀಳೋದು ಬರೀ ಗಂಡು, ಉಳಿದ ಒಂದೊಂದು ಗಂಡು ಎಷ್ಟೋ ಹೆಣ್ಣನ್ನ ಕೂಡತ್ತೆ, ಕಾಯಿ ಚುಚ್ಚಿ ಮೊಟ್ಟೆ ಇಡೋದು ಹೆಣ್ಣು. ಉದುರಿದ ಕಾಯಿ ಅಲ್ಲೇ ಬಿಟ್ರೆ ಹುಳ ಮಣ್ಣಿಗಿಳಿದು ಕೋಶ ಆಗಿ ಮತ್ತೆ ನೊಣ ಆಗತ್ತೆ, ಅದಕ್ಕೆ ಈಗ ದಿನಾ ಆರಿಸಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಬಿಸಿಲಿಗೆ ಎಸೀತೀವಿ. ಬಲೆ ಅರ್ಧ ಕೆಲಸ, ಚೀಲ ಅರ್ಧ ಕೆಲಸ. ಅಂಗಡಿಯವ್ನು ಚೀಲದ ವಿಷ್ಯ ಹೇಳಲ್ಲ, ಚೀಲದಲ್ಲಿ ಅವ್ನಿಗೆ ಎಂತ ಲಾಭ. ನಾಲ್ಕು ಸ್ಟಾರ್.

ತೆಂಗಿನ ಬಕೆಟ್ ಟ್ರಾಪ್‌ಗೆ ಬರೋಣ, ಕೊಂಬಿನ ದುಂಬಿದು, ಸುಳಿ ಕೊರೆದು ಗರಿ ಬಿಚ್ಚಿದ್ಮೇಲೆ ಕತ್ತರಿಲಿ ಕತ್ತರಿಸಿದ ಬೀಸಣಿಗೆ ಥರ ಕಾಣತ್ತಲ್ಲ, ಅದು. ಇಲ್ಲಿ ಲೆಕ್ಕ ಬೇರೆ. ಈ ಲೂರ್ ಗಂಡು ದುಂಬಿ ಬಿಡೋ ವಾಸನೆದು, ಅದಕ್ಕೆ ಗಂಡು ಹೆಣ್ಣು ಎರಡೂ ಬರ್ತವೆ, ಹೆಣ್ಣು ಸಿಕ್ಕಿದ್ರೆ ಅದ್ರ ಮೊಟ್ಟೆನೂ ಹೋದ ಹಂಗೆ. ಆದ್ರೆ ನಾನು ಮಾಡಿದ್ದೆಂತ, ಗಿಡ ಕಾಯ್ಲಿ ಅಂತ ಬಕೆಟ್‌ನ ನಾಲ್ಕು ವರ್ಷದ ಎಳೆ ತೆಂಗಿನ ಪಕ್ಕಕ್ಕೇ ನೇತು ಹಾಕಿದೆ. ಕರೆಯೋದು ಕರೆದಾಯ್ತು, ಬಂದಿದ್ರಲ್ಲಿ ಬಕೆಟ್‌ಗೆ ಬಿದ್ದಿದ್ದು ಕೆಲವು, ಉಳಿದವು ದಾರಿಲಿ ಸಿಕ್ಕಿದ ಸುಳಿಗೇ ಹೊಕ್ಕವು. ಅದುವರೆಗೂ ಏನೂ ಆಗದ ಎರಡು ಗಿಡ ಆ ಮಳೆಗಾಲದಲ್ಲಿ ಹಾಳಾದ್ವು. ಇದು ಟ್ರಾಪಿನ ತಪ್ಪಲ್ಲ, ನನ್ನ ತಪ್ಪು, ಆದ್ರೆ ಇಂಥದ್ದನ್ನ ಡಬ್ಬಿ ಮೇಲೆ ದಪ್ಪ ಅಕ್ಷರದಲ್ಲಿ ಬರೀಬೇಕಿತ್ತು. ಈಗ ಬೇಲಿ ಆಚೆ ಗೂಟಕ್ಕೆ ಕಟ್ಟಿದೀನಿ, ಎಳೆ ಗಿಡದಿಂದ ದೂರ. ಬಕೆಟ್ ಪಕ್ಕಕ್ಕೆ ಅರ್ಧ ಎತ್ತರದಲ್ಲಿ ಎರಡು ತೂತು ಮಾಡಿ, ಇಲ್ಲಾಂದ್ರೆ ನಮ್ಮ ಆಷಾಢದ ಮಳೆಗೆ ತುಂಬಿ ದುಂಬಿ ತೇಲಿ ಹೊರಗೆ ಹೋಗತ್ತೆ. ಕಳೆದ ಮಳೆಗಾಲ ಎಣಿಸಿದೆ, 31 ದುಂಬಿ, ಅದ್ರಲ್ಲಿ 19 ಹೆಣ್ಣು (ಹೆಣ್ಣಿಗೆ ಕೊಂಬು ಗಿಡ್ಡ, ಹಿಂದಿನ ತುದಿಲಿ ಕೆಂಚು ಕೂದಲು ಇರತ್ತೆ). ಮೂಲ ಮಾತ್ರ ನಮ್ಮ ಗೊಬ್ಬರ ಗುಂಡಿಲೇ ಇತ್ತು, ಹೆಬ್ಬೆರಳು ದಪ್ಪದ ಬಿಳಿ ಹುಳ ರಾಶಿ, ಅದಕ್ಕೆ ಮೆಟಾರೈಜಿಯಂ (ಹುಳಕ್ಕೆ ರೋಗ ತರೋ ಶಿಲೀಂಧ್ರ) ಪುಡಿ ಕಲಸಿ ಹಾಕಿದ ಮೇಲೇ ಕಮ್ಮಿ ಆಗಿದ್ದು. ಮೂರೂವರೆ ಸ್ಟಾರ್.

ಇನ್ನು ಜೋಳದ ಸೈನಿಕ ಹುಳು. ಅಮೆರಿಕ ಕಡೆಯ ಈ ಹುಳನ್ನ ಭಾರತದಲ್ಲಿ ಮೊದಲು ಗುರುತಿಸಿದ್ದೇ ನಮ್ಮ ಶಿವಮೊಗ್ಗದಲ್ಲಿ, 2018ರ ಮೇನಲ್ಲಿ, ನಮ್ಮ ಕೃಷಿ ವಿವಿಯವ್ರೇ. ಹೆಮ್ಮೆ ಪಡೋ ವಿಷ್ಯ ಅಲ್ಲ, ಆದ್ರೂ. ಇದಕ್ಕೆ ಹಾಕೋದು ಹಸಿರು ಮುಚ್ಚಳ, ಹಳದಿ ಫನಲ್, ಕೆಳಗೆ ಚೀಲ ಇರೋ ಟ್ರಾಪ್, ಇಲ್ಲಿ ಲೂರ್ ನಿಜವಾಗ್ಲೂ ಹೆಣ್ಣು ಪತಂಗದ ವಾಸನೆದು. ಹಿಂಗೆ ಹೆಣ್ಣು ಪತಂಗ ಕರೆಯೋ ವಾಸನೆ ಎಂಥದ್ದು ಅಂತ ಮೊದಲು ಬಿಡಿಸಿದ್ದು ರೇಷ್ಮೆ ಹುಳದಲ್ಲಿ, ಜರ್ಮನಿಯ ಬುಟೆನಾಂಟ್ ಐದು ಲಕ್ಷದಷ್ಟು ಹೆಣ್ಣು ಪತಂಗ ಅರೆದು ಕೊನೆಗೆ ಸಿಕ್ಕಿದ್ದು ಕೆಲವೇ ಮಿಲಿಗ್ರಾಂ, ಅದು 1959ರಲ್ಲಿ, ಇಂಥ ವಾಸನೆಗೆ ಫೆರೊಮೋನ್ ಅನ್ನೋ ಹೆಸರು ಹುಟ್ಟಿದ್ದೂ ಅದೇ ವರ್ಷ.

ಈ ಸೈನಿಕ ಹುಳದ ಲೂರ್‌ನಲ್ಲಿರೋ ಒಂದು ಪದಾರ್ಥದ ಹೆಸರು ಡೋಡೆಸಿನೈಲ್ ಅಸಿಟೇಟ್. ಹೆಸರು ಬಿಡಿ. 1996ರಲ್ಲಿ ಗೊತ್ತಾಗಿದ್ದು ಎಂತ ಅಂದ್ರೆ, ಏಷ್ಯಾದ ಹೆಣ್ಣಾನೆ ಬೆದೆಗೆ ಬಂದಾಗ ಅದ್ರ ಮೂತ್ರದಲ್ಲಿ ಬರೋ ವಾಸನೆನೂ ಇದೇ! ಪತಂಗಕ್ಕೂ ಆನೆಗೂ ಒಂದೇ ಪದಾರ್ಥ. ಚಿಕ್ಕವನಿದ್ದಾಗ ಸಕ್ರೆಬೈಲು ಬಿಡಾರದಲ್ಲಿ ನೋಡಿದ್ದೆ, ಗಂಡಾನೆ ಒಂದು ಹೆಣ್ಣಾನೆ ಉಚ್ಚೆ ಹೊಯ್ದ ಜಾಗಕ್ಕೆ ಸೊಂಡಿಲ ತುದಿ ಅದ್ದಿ ಬಾಯೊಳಗೆ ಅಂಗುಳಕ್ಕೆ ಒತ್ಕೊಂಡಿತ್ತು, ನಾನು ಛೀ ಅಂದೆ, ಮಾವುತರು "ಅವ್ನು ಕಾಗದ ಓದ್ತಿದಾನೆ, ಸುಮ್ನಿರು" ಅಂದಿದ್ರು. ಆ ಅಂಗುಳದಲ್ಲೇ ಇಂಥ ವಾಸನೆ ಓದೋ ಅಂಗ ಇರೋದು ಅಂತ ಗೊತ್ತಾಗಿದ್ದು ಇಷ್ಟು ವರ್ಷ ಆದ್ಮೇಲೆ. ಇದನ್ನ ಪಕ್ಕದ ಗೌಡ್ರಿಗೆ ಹೇಳಿದ್ದೇ ತಪ್ಪಾಯ್ತು, "ನಿನ್ನ ಡಬ್ಬಿಗೆ ಸಲಗ ಬಂದ್ರೆ ನನ್ನ ತೋಟದ ಗತಿ ಎಂತ" ಅಂತ ಜಗಳಕ್ಕೇ ಬಂದ್ರು. ಬರಲ್ಲ ಮಾರಾಯ್ರೆ, ಆನೆ ಬಿಡೋದ್ರ ಮುಂದೆ ಲೂರ್‌ನಲ್ಲಿರೋದು ಲೆಕ್ಕಕ್ಕೇ ಇಲ್ಲ, ಪತಂಗನೂ ಆನೆ ಹಿಂದೆ ಹೋಗಲ್ಲ, ಅದಕ್ಕೆ ಎರಡ್ಮೂರು ಪದಾರ್ಥ ಸರಿಯಾದ ಹದದಲ್ಲಿ ಸೇರಿದ್ರೇನೇ ತನ್ನ ಜಾತಿ ಹೆಣ್ಣು ಅಂತ ಗೊತ್ತಾಗೋದು.

ಕೆಲಸದ ವಿಷ್ಯಕ್ಕೆ ಬಂದ್ರೆ, ಈ ಟ್ರಾಪ್ ಹುಳ ಕಮ್ಮಿ ಮಾಡಲ್ಲ. ಇದು ಹೊತ್ತು ಹೇಳೋ ಗಡಿಯಾರ. ದಿನಾ ಬೆಳಿಗ್ಗೆ ಚೀಲ ನೋಡಿ ಕ್ಯಾಲೆಂಡರ್ ಮೇಲೆ ಬರೀತೀನಿ, 0, 1, 0, 0, 7. ಏಳು ಬಿದ್ದ ದಿನದಿಂದ ಸಾಲು ಸಾಲು ಓಡಾಡಿ ಸುಳಿ ನೋಡೋದು, ಎಲೆ ಮೇಲೆ ಕೆರೆದ ಹಂಗೆ ಬಿಳಿ ಕಲೆ ಕಂಡ್ರೆ ಆಗ್ಲೇ ಔಷಧಿ. ಸುಳಿಲಿ ಮರದ ಹೊಟ್ಟಿನ ಥರ ಹಿಕ್ಕೆ ತುಂಬಿದ್ಮೇಲೆ ಹೊಡೆದ್ರೆ ದುಡ್ಡು ದಂಡ. ಮೊದಲನೇ ವರ್ಷ ಅಂದಾಜಲ್ಲಿ ನಾಲ್ಕು ಸಲ ಹೊಡೆದಿದ್ದೆ, ಹೋದ ವರ್ಷ ಎರಡೇ ಸಲ. ಬರೀ ಈ ಲೆಕ್ಕಕ್ಕೆ ಐದು ಸ್ಟಾರ್ ಕೊಡ್ತೀನಿ.

ಬೈಯೋದು ಎರಡಿದೆ. ಒಂದು, ಲೂರ್‌ನ ತಂಪಲ್ಲಿ ಇಡ್ಬೇಕು, ನಾನು ತಂದ ಒಂದು ಅಂಗಡಿಲಿ ಬಿಸಿಲು ಬೀಳೋ ಶೋಕೇಸಲ್ಲಿ ಜೋಡಿಸಿದ್ರು, ತಾರೀಕಿನ ಮೇಲೆ ಬೇರೆ ಸ್ಟಿಕರ್ ಹಚ್ಚಿತ್ತು, ಹಾಕಿ ಹದಿನೈದು ದಿನ ಒಂದು ಪತಂಗ ಬೀಳ್ಲಿಲ್ಲ, ಹುಳ ಇಲ್ಲ ಅಂತ ನಾನು ಹಾಯಾಗಿದ್ದೆ, ಸುಳಿ ನೋಡಿದಾಗ ಎದೆ ಧಸಕ್ ಅಂತು. ಇನ್ನೊಂದು ಮಂಗ. ಹಳದಿ ಬಣ್ಣ ಕಂಡ್ರೆ ಹಣ್ಣು ಅಂತ ಕಿತ್ತು ಕಚ್ಚಿ ಹೊಳೆಗೆ ಎಸೀತವೆ, ಮೂರು ವರ್ಷದಲ್ಲಿ ಐದು ಹೋಗಿದೆ. ಅಂಟು ಹಾಳೆ ಟ್ರಾಪ್ ಅಂತೂ ನಮ್ಮ ಮಳೆಗೆ ತರ್ಲೇಬೇಡಿ.

ಈ ವರ್ಷದ್ದೆಲ್ಲಾ ತಂದು ಆಯ್ತು, ಫ್ರಿಜ್‌ನಲ್ಲಿ ಮೊಸರಿನ ಪಾತ್ರೆ ಹಿಂದೆ ಎರಡು ಸ್ಟೀಲ್ ಡಬ್ಬಿಲಿ ಇದೆ. ಕಂಪನಿಯವ್ರು ಕನ್ನಡದಲ್ಲಿ ಬರೀದೇ ಇದ್ರೆ ಬೇಡ ಅಂತ ಅಮ್ಮನೇ ಮಾರ್ಕರ್ ತಗೊಂಡು ಒಂದ್ರ ಮೇಲೆ ಮಾವಿನಕಾಯಿ, ಇನ್ನೊಂದ್ರ ಮೇಲೆ ಹೀರೆಕಾಯಿ ಚಿತ್ರ ಬಿಡಿಸಿದಾರೆ. ಹೀರೆಕಾಯಿ ಸ್ವಲ್ಪ ಮೊಸಳೆ ಥರ ಕಾಣತ್ತೆ.