ಮುಳಬಾಗಿಲು ರೋಡಲ್ಲಿ ಗಾಡಿ ನಿಂತ್ರೆ ಈ ರೇಡಿಯೇಟರ್ ಶೆಡ್ಡಿಗೆ ಹೋಗಿ

ಕೋಲಾರ ದಾಟಿ ಮುಳಬಾಗಿಲು ಕಡೆ ಹೋಗ್ತಾ ಎನ್‌ಎಚ್ 75ರಲ್ಲಿ ಎಡಗಡೆ ಸರ್ವಿಸ್ ರೋಡಿಗೆ ಇಳಿದ್ರೆ ಹೊಂಗೆ ಮರದ ಪಕ್ಕ ಒಂದು ತಗಡಿನ ಶೆಡ್ ಇದೆ. ಅಂಗಡಿಗೆ ಹೆಸರಂತ ಏನಿಲ್ಲ, ರೇಡಿಯೇಟರ್, ಎಲೆಕ್ಟ್ರಿಕಲ್, ಪಂಚರ್ ಅಂತ ಬಿಳಿ ಬಣ್ಣದಲ್ಲಿ ಬರೆದಿದಾರೆ, ಮುಂದೆ ಹಳೇ ಟೈರ್ ನೇತಾಕಿದಾರೆ, ಅಷ್ಟೇ ಗುರುತು. ದೊಡ್ಡ ದೊಡ್ಡ ಗ್ಯಾರೇಜಿಗೆ ರಿವ್ಯೂ ಬರೆಯೋರು ಬೇಕಾದಷ್ಟು ಜನ ಇದಾರೆ, ಇಂಥ ಶೆಡ್ಡಿಗೆ ಯಾರೂ ಬರೆಯಲ್ಲ, ಅದಕ್ಕೇ ನಾನು ಬರೀತಿರೋದು. ಸ್ವಲ್ಪ ಉದ್ದ ಆಗುತ್ತೆ, ಯಾಕಂದ್ರೆ ಶೆಡ್ ಬಗ್ಗೆ ಹೇಳ್ಬೇಕು ಅಂದ್ರೆ ನಮ್ಮನ್ನ ಅಲ್ಲಿಗೆ ಮುಟ್ಟಿಸಿದೋರ ಬಗ್ಗೆನೂ ಹೇಳ್ಲೇಬೇಕು.

ಮೇ ತಿಂಗಳು, ಮಕ್ಕಳಿಗೆ ರಜಾ, ಅಮ್ಮ ಅಕ್ಕ ಭಾವ ಅಕ್ಕನ ಮಗಳು ಎಲ್ಲಾ ಸೇರಿ ತಿರುಪತಿಗೆ ಹೊರಟಿದ್ವಿ. ಮುಳಬಾಗಿಲು ಆಂಜನೇಯನಿಗೆ ಕೈ ಮುಗಿದು, ಆಗೋದಾದ್ರೆ ಕುರುಡುಮಲೆ ಗಣೇಶನ್ನೂ ನೋಡ್ಕೊಂಡು, ನಂಗಲಿ ಪಲಮನೇರು ಚಿತ್ತೂರು ಮೇಲೆ ಹೋಗೋದು ಅಂತ ಪ್ಲಾನು. ಕೋಲಾರ ಬಿಟ್ಟು ಸ್ವಲ್ಪ ದೂರ ಹೋಗಿದ್ವೋ ಇಲ್ವೋ ಟೆಂಪರೇಚರ್ ಮುಳ್ಳು ಸರ್ರಂತ ಮೇಲಕ್ಕೆ ಹೋಯ್ತು, ಎಸಿ ಬಿಸಿ ಗಾಳಿ ಬಿಡೋಕೆ ಶುರು ಮಾಡ್ತು, ಬಾನೆಟ್ ಸಂದಿಯಿಂದ ಹೊಗೆ. ತಕ್ಷಣ ಎಡಕ್ಕೆ ತಗೊಂಡು, ಎಂಜಿನ್ ಆಫ್ ಮಾಡಿ, ಡಬಲ್ ಇಂಡಿಕೇಟರ್ ಹಾಕಿ, ಎಲ್ಲರನ್ನೂ ಇಳಿಸಿ ಕಂಬಿ ಆಚೆ ಕೂರಿಸಿದೆ. ಆ ರೋಡಲ್ಲಿ ಲಾರಿಗಳು ಹೋಗೋ ಸ್ಪೀಡಿಗೆ ಕಾರೊಳಗೆ ಕೂತಿರೋದು ಯಾವತ್ತೂ ಒಳ್ಳೇದಲ್ಲ, ಇದನ್ನ ಓದೋರು ನೆನಪಿಟ್ಕೊಳ್ಳಿ.

ಇನ್ಶೂರೆನ್ಸ್ ಜೊತೆ ದುಡ್ಡು ಕೊಟ್ಟು ತಗೊಂಡಿದ್ದ ರೋಡ್‌ಸೈಡ್ ಅಸಿಸ್ಟೆನ್ಸಿಗೆ ಫೋನ್ ಮಾಡಿದ್ರೆ ಲೊಕೇಶನ್ ಕೇಳಿದ್ರು, ಆಮೇಲೆ ಇನ್ನೊಬ್ರು ಫೋನ್ ಮಾಡಿ ಮತ್ತೆ ಅದೇ ಲೊಕೇಶನ್ ಕೇಳಿದ್ರು, ಗಾಡಿ ಬೆಂಗಳೂರಿಂದ ಬರ್ಬೇಕು ಮೂರು ಗಂಟೆ ಆಗ್ಬಹುದು ಅಂದ್ರು. ಅಮ್ಮನಿಗೆ ಶುಗರ್ ಇದೆ, ಹೊತ್ತಿಗೆ ಸರಿಯಾಗಿ ಊಟ ಆಗ್ಲೇಬೇಕು. ಹೈವೇ ಸಹಾಯವಾಣಿ 1033ಕ್ಕೆ ಮಾಡಿದೆ, ಅವರು ಹೈವೇ ಗಸ್ತು ಗಾಡಿ ಕಳಿಸ್ತೀವಿ ಅಂದ್ರು, ನಿಜವಾಗ್ಲೂ ಕಳಿಸಿದ್ರು ಕೂಡ, ಬಂದು ನಮ್ಮ ಕಾರ್ ಹಿಂದೆ ಕೋನ್ ಇಟ್ಟು ನಿಂತ್ರು, ಅದು ಎಷ್ಟು ಧೈರ್ಯ ಕೊಡುತ್ತೆ ಅಂತ ಆ ಜಾಗದಲ್ಲಿ ನಿಂತೋರಿಗೇ ಗೊತ್ತು. ಇಪ್ಪತ್ನಾಲ್ಕು ಗಂಟೆನೂ ಇರೋ ನಂಬರ್ ಅದು, ಸೇವ್ ಮಾಡ್ಕೊಳ್ಳಿ.

ಆದ್ರೆ ಗಸ್ತು ಗಾಡಿಗಿಂತ ಮುಂಚೆ ನಿಂತಿದ್ದು ಒಂದು ಟೊಮೇಟೊ ಪಿಕಪ್. ಕೋಲಾರ ಎಪಿಎಂಸೀಲಿ ಲೋಡ್ ಇಳಿಸಿ ಖಾಲಿ ಕ್ರೇಟ್ ಹಾಕ್ಕೊಂಡು ಊರಿಗೆ ವಾಪಸ್ ಹೋಗ್ತಿದ್ದ ಹುಡುಗ, ರಾತ್ರಿಯೆಲ್ಲಾ ನಿದ್ದೆ ಇಲ್ದೆ ಕಣ್ಣು ಕೆಂಪಗಾಗಿತ್ತು. ನಾವು ಕೈ ತೋರಿಸೇ ಇಲ್ಲ, ಅವನೇ ನಿಲ್ಲಿಸಿದ್ದು. ನಮ್ಮ ಭಾವ ರೇಡಿಯೇಟರ್ ಕ್ಯಾಪ್ ಕಡೆ ಕೈ ಹಾಕ್ತಿದ್ದಂಗೆ ಓಡಿ ಬಂದು ಕೈ ಹಿಡ್ಕೊಂಡ, "ಅಣ್ಣಾ ಮುಟ್ಬೇಡಿ, ಮುಖ ಬೆಂದೋಗುತ್ತೆ". ಒಳಗೆ ಪ್ರೆಶರ್ ಇರೋದ್ರಿಂದ ನೀರು ನೂರು ಡಿಗ್ರಿ ದಾಟಿದ್ರೂ ಕುದಿಯದೆ ಇರುತ್ತೆ, ಕ್ಯಾಪ್ ತೆಗೆದ ಕೂಡ್ಲೇ ಪ್ರೆಶರ್ ಬಿಟ್ಟು ಅಷ್ಟೂ ಒಂದೇ ಸಲ ಕುದ್ದು ಮುಖಕ್ಕೆ ಚಿಮ್ಮುತ್ತೆ, ಅರ್ಧ ಗಂಟೆನಾದ್ರೂ ಬಿಡ್ಬೇಕು. ಅವನಿಲ್ಲ ಅಂದಿದ್ರೆ ಭಾವನ ಗತಿ ಏನಾಗ್ತಿತ್ತೋ, ಅಕ್ಕ ಇವತ್ತಿಗೂ ಅದನ್ನ ನೆನೆಸ್ಕೊಂಡು ಕೈ ಮುಗೀತಾಳೆ. ಶೆಡ್ ಅಣ್ಣನಿಗೆ ಫೋನ್ ಮಾಡಿದ್ದೂ ಅವನೇ, ಅವರು ಬರೋವರೆಗೂ ಬಿಸಿಲಲ್ಲಿ ನಮ್ ಜೊತೇನೇ ನಿಂತಿದ್ದ.

ಶೆಡ್ ಅಣ್ಣ ಟಿವಿಎಸ್ ಎಕ್ಸ್‌ಎಲ್ ಮೇಲೆ ಬಂದ್ರು, ಹಿಂದೆ ಟೂಲ್ ಬ್ಯಾಗು, ಮುಂದೆ ನೀರಿನ ಕ್ಯಾನು. ಐವತ್ತರ ಮೇಲಿರ್ಬೇಕು ವಯಸ್ಸು. ಬಂದೋರು ಮೊದ್ಲು ಕಾರ್ ನೋಡ್ಲಿಲ್ಲ, ಅಮ್ಮನ್ನ ನೋಡಿ ಊಟ ಆಯ್ತಾ ಅಂತ ಕೇಳಿದ್ರು. ಆಗಿಲ್ಲ ಅಂದಿದ್ದಕ್ಕೆ ಮಾವಿನ ತೋಪಿನ ಪಕ್ಕದ ಮನೆ ಕಡೆ ತಿರುಗಿ ಕೂಗಿದ್ರು, ತೆಲುಗಲ್ಲಿ ಏನೋ ಹೇಳಿದ್ರು, ಅಲ್ಲಿಂದ ಒಬ್ರು ಅಜ್ಜಿ ಬಂದು ಅಮ್ಮ ಅಕ್ಕ ಮಗು ಮೂರೂ ಜನನ್ನ ಕರ್ಕೊಂಡ್ ಹೋದ್ರು. ಬಿಸಿ ಮುದ್ದೆ, ಬಸ್ಸಾರು, ಮಗುಗೆ ಅನ್ನ ಮೊಸರು. ಅಜ್ಜಿ ತೆಲುಗಲ್ಲಿ ಕೇಳೋದು, ಅಮ್ಮ ಕನ್ನಡದಲ್ಲಿ ಉತ್ತರ ಕೊಡೋದು, ಇಬ್ರಿಗೂ ಒಬ್ಬರದ್ದೊಬ್ಬರಿಗೆ ಪೂರ್ತಿ ಅರ್ಥ ಆಗ್ತಿತ್ತಂತೆ, ಮಂಡಿ ನೋವಿಂದ ಹಿಡಿದು ಸೊಸೆ ಬಾಣಂತನದವರೆಗೂ ಮಾತಾಡಿದಾರೆ.

ನನಗೆ ಇನ್ನೂ ಮನಸ್ಸಲ್ಲಿ ಉಳಿದಿರೋದು ನೀರು. ಅಣ್ಣ ತಂದಿದ್ದ ಕ್ಯಾನ್ ಸಾಲ್ಲಿಲ್ಲ, ಅಜ್ಜಿ ಮನೆಯಿಂದಾನೇ ಎರಡು ಬಿಂದಿಗೆ ಬಂತು. ಕೋಲಾರ ಜಿಲ್ಲೇಲಿ ವರ್ಷಪೂರ್ತಿ ಹರಿಯೋ ಒಂದು ನದಿ ಇಲ್ಲ, ಸಾವಿರ ಅಡಿ ದಾಟಿ ಬೋರ್ ಕೊರೆದ್ರೂ ನೀರು ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೇಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನ ಇಲ್ಲಿ ಕೆರೆಗಳಿಗೆ ತುಂಬಿಸ್ತಿದಾರೆ ನಿಜ, ಆದ್ರೆ ಅದು ಅಂತರ್ಜಲ ಏರಲಿ ಅಂತ, ಕುಡಿಯೋಕಲ್ಲ. ಆ ಮನೆಯೋರು ಬೇಸಿಗೇಲಿ ಟ್ಯಾಂಕರಿಗೆ ದುಡ್ಡು ಕೊಟ್ಟು ತರಿಸ್ಕೊಳ್ಳೋ ನೀರನ್ನ ಗುರುತು ಪರಿಚಯ ಇಲ್ಲದೋರ ಕಾರಿಗೆ ಹುಯ್ದ್ರು. ದುಡ್ಡು ತಗೊಳ್ಳಿ ಅಂದ್ರೆ ಅಜ್ಜಿ ಬೇಜಾರ್ ಮಾಡ್ಕೊಂಡು ಒಳಗೆ ಹೋಗ್ಬಿಟ್ರು, ಆಮೇಲೆ ವಾಪಸ್ ಬಂದು ಒಂದು ಚೀಲ ಬಾದಾಮಿ ಮಾವಿನಹಣ್ಣು ಡಿಕ್ಕಿಗೆ ಇಟ್ರು.

ಇನ್ನು ಕೆಲಸದ ವಿಷಯ. ರೇಡಿಯೇಟರ್ ಮೇಲಿನ ಹೋಸ್ ಪೈಪು ಕ್ಲ್ಯಾಂಪ್ ಹತ್ರ ಸೀಳಿತ್ತು. ರಬ್ಬರ್ ಹಳೇದಾಗಿ ಗಟ್ಟಿಯಾದ್ರೆ ಬಿಸಿಗೆ ಅಲ್ಲೇ ಮೊದ್ಲು ಬಿಡೋದಂತೆ. ಸೀಳಿದ ತುದಿ ಕತ್ತರಿಸಿ, ಉಳಿದಿದ್ದನ್ನ ಎಳೆದು ಕೂರಿಸಿ, ಹೊಸ ಕ್ಲ್ಯಾಂಪ್ ಬಿಗಿದು, ನೀರು ತುಂಬಿ, ನಿಧಾನಕ್ಕೆ ಶೆಡ್‌ವರೆಗೂ ಓಡಿಸೋಕೆ ಹೇಳಿ ಅವರು ಟಿವಿಎಸ್ಸಲ್ಲಿ ಹಿಂದೇನೇ ಬಂದ್ರು. ಶೆಡ್ಡಲ್ಲಿ ಕೆಲಸದ ಹುಡುಗನ್ನ ಮುಳಬಾಗಿಲಿಗೆ ಕಳಿಸಿ ಹೊಸ ಹೋಸ್ ತರಿಸಿದ್ರು, ಅಂಗಡಿ ಬಿಲ್ ಸಮೇತ. ಅಷ್ಟಕ್ಕೇ ಬಿಡಲಿಲ್ಲ. ಆಯಿಲ್ ಕಡ್ಡಿ ತೆಗೆದು ನನಗೇ ತೋರಿಸಿದ್ರು, ಆಯಿಲ್ ಹಾಲು ಬೆರೆಸಿದ ಕಾಫಿ ಥರ ಆಗಿದ್ರೆ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಸೇರಿದೆ ಅಂತ, ಇದು ಚೆನ್ನಾಗಿದೆ ನೋಡಿ ಅಂದ್ರು. ಎಂಜಿನ್ ಸ್ಟಾರ್ಟ್ ಮಾಡಿಸಿ ಸೈಲೆನ್ಸರಲ್ಲಿ ಬಿಳಿ ಹೊಗೆ ಬರುತ್ತಾ ನೋಡಿದ್ರು, ಫ್ಯಾನ್ ಹೊತ್ತಿಗೆ ಸರಿಯಾಗಿ ಆನ್ ಆಗುತ್ತಾ ಅಂತ ಕಾದು ನೋಡಿದ್ರು, ಬರೀ ನೀರು ತೆಗೆದು ಕೂಲೆಂಟ್ ಬೆರೆಸಿ ತುಂಬಿದ್ರು, ಒಳಗಿನ ಗಾಳಿ ಹೋಗೋವರೆಗೂ ಎಂಜಿನ್ ಓಡಿಸಿ ಮತ್ತೆ ಮಟ್ಟ ನೋಡಿದ್ರು. ಅವತ್ತು ಅವರು ವಾಟರ್ ಪಂಪ್ ಹೋಗಿದೆ, ರೇಡಿಯೇಟರ್ರೇ ಬದಲಾಯಿಸ್ಬೇಕು ಅಂದಿದ್ರೂ ನಾನು ತಲೆ ಆಡಿಸಿ ದುಡ್ಡು ಕೊಡ್ತಿದ್ದೆ, ನಡುರಸ್ತೇಲಿ ಸಂಸಾರ ಸಮೇತ ನಿಂತೋನಿಗೆ ಬೇರೆ ದಾರಿ ಎಲ್ಲಿದೆ. ಇರೋದನ್ನ ಇರೋ ಹಾಗೆ ಹೇಳಿದ್ರಲ್ಲ, ಅದಕ್ಕೇ ನನ್ನ ಐದೂ ಸ್ಟಾರು.

ಲೇಬರ್ ಮುನ್ನೂರು ರೂಪಾಯಿ. ನಾನು ಜಾಸ್ತಿ ಹಾಕಿದ್ದಕ್ಕೆ ಉಳಿದಿದ್ದನ್ನ ನನ್ನೆದುರೇ ವಾಪಸ್ ಕಳಿಸಿದ್ರು, "ತಿಮ್ಮಪ್ಪನ ಹುಂಡಿಗೆ ನಮ್ಮ ಹೆಸರಲ್ಲಿ ಹಾಕಿ" ಅಂದ್ರು. ಹಾಕಿದೀವಿ ಅಣ್ಣಾ. ಹೊರಡುವಾಗ ಇನ್ನೊಂದು ಮಾತು ಹೇಳಿದ್ರು, ಹೋಗೋವಾಗ ಪಲಮನೇರು ಆದ್ಮೇಲೆ ಇಳಿಜಾರು ಏನೂ ಆಗಲ್ಲ, ವಾಪಸ್ ಬರುವಾಗ ಮೊಗಿಲಿ ಘಾಟ್ ಹತ್ತಬೇಕಾದ್ರೆ ಎಸಿ ಆಫ್ ಮಾಡಿ, ಮುಳ್ಳಿನ ಮೇಲೆ ಕಣ್ಣಿರಲಿ ಅಂತ. ಹಂಗೇ ಮಾಡಿದ್ವಿ, ಮುಳ್ಳು ಅರ್ಧದಿಂದ ಮೇಲೆ ಅಲ್ಲಾಡ್ಲಿಲ್ಲ.

ಕೊರತೆನೂ ಹೇಳ್ತೀನಿ, ಹೋಗೋರಿಗೆ ಗೊತ್ತಿರಲಿ. ಹೆಂಗಸರಿಗೆ ಟಾಯ್ಲೆಟ್ ಇಲ್ಲ. ಕೂರೋಕೆ ಮರದ ಕೆಳಗಿನ ಬೆಂಚು ಒಂದೇ. ಸ್ಕ್ಯಾನರ್ ಇಲ್ಲ, ಹಾಗಾಗಿ ಹೊಸ ಗಾಡಿಗಳ ಸೆನ್ಸಾರ್ ತೊಂದರೆ, ಆಟೋಮ್ಯಾಟಿಕ್ ಗೇರ್, ಎಲೆಕ್ಟ್ರಿಕ್ ಕಾರು ಇವೆಲ್ಲ ಅವರ ಕೈಲಾಗಲ್ಲ, ಅವರೇ ನೇರವಾಗಿ ಹೇಳ್ತಾರೆ. ಯುಪಿಐ ನಡೆಯುತ್ತೆ. ಹೋಸು, ಬೆಲ್ಟು, ಫ್ಯಾನು, ಬ್ಯಾಟರಿ, ಪಂಚರ್ ಇಷ್ಟಕ್ಕೆ ಕಣ್ಮುಚ್ಚಿ ಹೋಗಬಹುದು. ಹೆಸರು ನಂಬರ್ ಹಾಕ್ಬೇಡಿ ಅಂದಿದಾರೆ, ಅದಕ್ಕೆ ಹಾಕಿಲ್ಲ.

ಟೊಮೇಟೊ ಗಾಡಿ ಹುಡುಗ ಕಾರ್ ಸ್ಟಾರ್ಟ್ ಆಗಿದ್ದು ನೋಡಿ ಕೈ ಬೀಸಿ ಹೊರಟೇ ಹೋದ, ನಂಬರ್ ತಗೊಳ್ಳೋಕೂ ಟೈಮ್ ಕೊಡ್ಲಿಲ್ಲ. ಅವನ ಕಡೆಯೋರು ಯಾರಾದ್ರೂ ಇದನ್ನ ಓದಿದ್ರೆ ದಯವಿಟ್ಟು ತಿಳಿಸಿ, ನನ್ನ ನಂಬರ್ ಶೆಡ್ಡಲ್ಲಿ ಬರೆದು ಕೊಟ್ಟು ಬಂದಿದೀನಿ, ಬೆಂಗಳೂರಿಗೆ ಯಾವಾಗ ಲೋಡ್ ತಂದ್ರೂ ನಮ್ಮ ಮನೇಲಿ ಊಟ ಮಾಡ್ಕೊಂಡೇ ಹೋಗ್ಬೇಕು ಅಂತ ಅಮ್ಮ ಹೇಳಿದಾರೆ.