ಎಲ್ಲ ಗಾಳಿಗೂ ಒಂದೇ ಹಾಯಿ ಸಾಕು ಎಂದು ಮಾರುವವರ ಬಗ್ಗೆ ಎಚ್ಚರವಿರಲಿ

ಬಾಡಿಗೆಯ ಸಲಕರಣೆಯಲ್ಲಿ ವಿಂಡ್‌ಸರ್ಫಿಂಗ್ ಕಲಿತು, ಈಗ ಸ್ವಂತಕ್ಕೊಂದು ಹಾಯಿ ಕೊಳ್ಳಬೇಕೆಂದಿರುವ ನೆದರ್ಲೆಂಡ್ಸ್‌ನ ಕನ್ನಡಿಗರು ಹಣ ಕೊಡುವ ಮೊದಲು ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. 10 ನಾಟ್‌ನಿಂದ 28 ನಾಟ್‌ವರೆಗೆ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಯಾವ ಗಾಳಿಗೂ ಇದೊಂದೇ ಸಾಕು ಎಂದು ಹೇಳಿ ನನಗೆ ಮಾರಿದ 7.8 ಚದರ ಮೀಟರಿನ ಹಾಯಿ, ಗಾಳಿ ನಿಜವಾಗಿ ಜೋರಾದ ಮೊದಲ ದಿನವೇ ನನ್ನನ್ನು ಅಪಾಯಕ್ಕೆ ಒಡ್ಡಿ, ತಾನೂ ಹರಿಯಿತು. ಅಂಗಡಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅದೇ ಮಾತನ್ನು ಬೇರೆಯವರ ಬಾಯಲ್ಲೂ ಕೇಳಿದ್ದೇನೆ. ನೀವು ಗುರುತು ಹಿಡಿಯಬೇಕಾದದ್ದು ಆ ಮಾತನ್ನು.

ನಾನು ಅಂಗಡಿಯವರಿಗೆ ಎಲ್ಲವನ್ನೂ ಸ್ಪಷ್ಟವಾಗಿ ಹೇಳಿದ್ದೆ: ತೂಕ 74 ಕೆಜಿ, ಬೋರ್ಡು 125 ಲೀಟರಿನದು, ಹೋಗುವುದು ಹೆಚ್ಚಾಗಿ ಎರ್ಮೆಲೊ ಹತ್ತಿರದ ಸ್ಟ್ರಾಂಡ್ ಹೋರ್ಸ್ಟ್‌ಗೆ, ಸದ್ಯಕ್ಕೆ ಕೊಳ್ಳಲು ಸಾಧ್ಯವಿರುವುದು ಒಂದೇ ಹಾಯಿ. ಅವರು ಈ ಹಾಯಿಯನ್ನು ಬಿಡಿಸಿ, ಅದರೊಳಗಿನ ಮೂರು ಕ್ಯಾಂಬರ್‌ಗಳನ್ನು ಮುಟ್ಟಿ ತೋರಿಸಿ, ಕ್ಯಾಂಬರ್ ಇರುವ ಹಾಯಿ ಜೋರು ಗಾಳಿಯಲ್ಲೂ ಅಲುಗದೆ ನಿಲ್ಲುತ್ತದೆ, ಚಿಕ್ಕದರ ಅಗತ್ಯವೇ ಬೀಳುವುದಿಲ್ಲ ಎಂದರು. ಇದರಲ್ಲಿ ಅರ್ಧ ಸತ್ಯವಿರುವುದರಿಂದಲೇ ನಂಬುವುದು ಸುಲಭ. ಕ್ಯಾಂಬರ್ ಎಂದರೆ ಬ್ಯಾಟನ್‌ಗಳ, ಅಂದರೆ ಹಾಯಿಗೆ ಅಡ್ಡಲಾಗಿ ಕೂರಿಸಿದ ಕಡ್ಡಿಗಳ, ತುದಿಯನ್ನು ಮಾಸ್ಟಿಗೆ, ಅಂದರೆ ಹಾಯಿಯ ಕಂಬಕ್ಕೆ, ಒತ್ತಿ ಕೂರಿಸುವ ಪ್ಲಾಸ್ಟಿಕ್ ಕವಲು. ಅದರಿಂದ ಹಾಯಿಯ ಉಬ್ಬು ಕೆಡುವುದಿಲ್ಲ, ಗಾಳಿ ಬೀಸಿ ಬಂದಾಗ ಎಳೆತದ ಕೇಂದ್ರ ಹಿಂದಕ್ಕೆ ಸರಿಯುವುದಿಲ್ಲ. ಆದರೆ ಕೇಂದ್ರ ಸರಿಯದಿದ್ದ ಮಾತ್ರಕ್ಕೆ ಎಳೆತ ಕಡಿಮೆಯಾಗುವುದಿಲ್ಲ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ 12 ನಾಟ್ ಗಾಳಿ 24 ನಾಟ್ ಆದಾಗ ಅದೇ ಹಾಯಿಯ ಮೇಲೆ ಬೀಳುವ ಬಲ ಎರಡರಷ್ಟಲ್ಲ, ನಾಲ್ಕರಷ್ಟು. ಇದನ್ನು ಮಾರುವವರು ಯಾರೂ ತಾವಾಗಿ ಹೇಳುವುದಿಲ್ಲ.

ಮಾಸ್ಟಿನ ವಿಷಯದಲ್ಲಿ ಆದದ್ದು ಇನ್ನೂ ಕೆಟ್ಟದ್ದು. ಹಾಯಿಯ ಬುಡದಲ್ಲಿ ಲಫ್ (ಮುಂಬದಿಯ ಅಂಚು) 482, ಬೂಮ್ (ಕೈಯಲ್ಲಿ ಹಿಡಿಯುವ ಅಡ್ಡಕಂಬಿ) 212, ಮಾಸ್ಟ್ 460 ಎಂದು ಸೆಂಟಿಮೀಟರ್ ಲೆಕ್ಕದಲ್ಲಿ ಅಚ್ಚಾಗಿತ್ತು. ಬೇರೊಂದು ಕಂಪನಿಯ 460 ಸೆಂಟಿಮೀಟರಿನ ಮಾಸ್ಟ್ ರಿಯಾಯಿತಿಯಲ್ಲಿದೆ, ಉದ್ದ ಹೊಂದಿದರೆ ಸಾಕು ಎಂದು ಅದನ್ನೂ ಜೊತೆಗೆ ಕೊಟ್ಟು ಕಳಿಸಿದರು.

ನಮ್ಮ ಮಂಗಳೂರು, ಕಾರವಾರದ ಕಡೆ ಬೇಸಿಗೆಯ ಕಡಲ ಗಾಳಿ ಮಧ್ಯಾಹ್ನ ಎದ್ದು, ನಿಧಾನವಾಗಿ ಬಲಗೊಂಡು, ಸಂಜೆಯ ನಂತರ ಇಳಿಯುತ್ತದೆ. ಇಲ್ಲಿ ಮಳೆಮೋಡದ ಸಾಲೊಂದು ತಲೆಯ ಮೇಲೆ ಹಾದುಹೋಗುವಷ್ಟರಲ್ಲಿ ಗಾಳಿಯ ಲೆಕ್ಕವೇ ಬದಲಾಗಿರುತ್ತದೆ. ಆ ದಿನ ನೈರುತ್ಯದಿಂದ 4 ಬೋಫರ್ಟ್ ಬೀಸುತ್ತಿತ್ತು, ಅಂದರೆ 11ರಿಂದ 16 ನಾಟ್. ಮಳೆಯ ಸಾಲು ಬಂದಾಗ ಅದು 6ಕ್ಕೆ, ಅಂದರೆ 22 ನಾಟ್‌ನಿಂದ ಮೇಲಕ್ಕೆ ಏರಿತು. ಮಾರುವಾಗ ಹೇಳಿದ್ದ ಮಿತಿಯೊಳಗೇ ಇದ್ದ ಗಾಳಿ ಅದು. ಸೊಂಟಕ್ಕೆ ಕಟ್ಟುವ ಹಾರ್ನೆಸ್‌ನ ಕೊಕ್ಕೆ ಬೂಮಿನ ಹಗ್ಗದಲ್ಲಿ ಸಿಕ್ಕಿಕೊಂಡಿದ್ದಂತೆಯೇ ಹಾಯಿ ನನ್ನನ್ನು ಎತ್ತಿ ಮುಂದಕ್ಕೆ ಎಸೆಯಿತು, ನಾನು ಹಾಯಿಯ ಮೇಲೆಯೇ ಬಿದ್ದೆ, ಕೊಕ್ಕೆ ತಗುಲಿ ಬೂಮಿನ ಮೇಲ್ಭಾಗದ ಮೊನೊಫಿಲ್ಮ್ (ಹಾಯಿಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಮೊಳದುದ್ದ ಸೀಳಿತು. ಮತ್ತೆ ಎತ್ತಲು ಹೋದಾಗ ಅಂಗಡಿಯಲ್ಲಿ ಯಾರೂ ಹೇಳದಿದ್ದ ಇನ್ನೊಂದು ಸಂಗತಿ ತಿಳಿಯಿತು: ಕ್ಯಾಂಬರ್ ಹಾಯಿಗಳಲ್ಲಿ ಮಾಸ್ಟ್ ತೂರಿಸುವ ತೋಳು ಅಗಲವಾಗಿರುತ್ತದೆ, ನೀರಿಗೆ ಬಿದ್ದರೆ ಅದು ತುಂಬಿಕೊಳ್ಳುತ್ತದೆ, ಆಗ ಹಾಯಿ ನೆನೆದ ಗೋಣಿಯಂತೆ ಭಾರವಾಗುತ್ತದೆ. ಪ್ರತಿ ಸಲ ಅರ್ಧ ಎತ್ತುವಷ್ಟರಲ್ಲಿ ಗಾಳಿ ಅದನ್ನು ಕಿತ್ತುಕೊಳ್ಳುತ್ತಿತ್ತು, ಅಷ್ಟರಲ್ಲಿ ನಾನು ಹಾರ್ಡರ್‌ವೈಕ್ ದಿಕ್ಕಿಗೆ ತೇಲುತ್ತಿದ್ದೆ, ಮುಂಗೈಗಳು ಬೂಮನ್ನು ಹಿಡಿಯಲಾರದಷ್ಟು ಸೋತಿದ್ದವು. ಸ್ಟ್ರಾಂಡ್ ಹೋರ್ಸ್ಟ್ ಇರುವ ವೋಲ್ಡರ್‌ವೈಡ್ ಕೆರೆ ಬಹಳ ಕಡೆ ಕಾಲೂರುವಷ್ಟು ಮಾತ್ರ ಆಳವಿರುವುದರಿಂದ ಬೋರ್ಡನ್ನು ಎಳೆದುಕೊಂಡು ದಡಕ್ಕೆ ನಡೆದೆ. ಇದೇ ಹಾಯಿಯೊಂದಿಗೆ ಬ್ರೌವರ್ಸ್‌ಡಾಮ್‌ನ ಉತ್ತರ ಸಮುದ್ರದ ಬದಿಯಲ್ಲಿ ಇದ್ದಿದ್ದರೆ ನಡೆಯುವ ಮಾತೇ ಇರಲಿಲ್ಲ.

ದಡದಲ್ಲಿ ವರ್ಷಗಟ್ಟಲೆ ಅನುಭವವಿರುವ ಡಚ್ ಮಹಿಳೆಯೊಬ್ಬರು ಹಾಯಿಯನ್ನು ಹುಲ್ಲಿನ ಮೇಲೆ ಹಾಸಿ ಪರೀಕ್ಷಿಸಿದರು. ಬುಡದ ಡೌನ್‌ಹಾಲ್ ಹಗ್ಗವನ್ನು ಸರಿಯಾಗಿ ಎಳೆದಾಗ ಮಾಸ್ಟ್ ಬಾಗಿ, ಮೇಲಿನ ಬ್ಯಾಟನ್‌ಗಳ ನಡುವೆ ಹಾಯಿಯ ಹಿಂಬದಿಯ ಅಂಚು ಸಡಿಲಗೊಂಡು ನೆರಿಗೆ ಬೀಳಬೇಕು. ಎಲ್ಲಿಯವರೆಗೆ ಸಡಿಲಾಗಬೇಕೆಂಬ ಗುರುತನ್ನು ಅನೇಕ ಹಾಯಿಗಳ ಮೇಲೆ ಅಚ್ಚು ಹಾಕಿರುತ್ತಾರೆ. ಬಿರುಸಾಗಿ ಬಂದ ಗಾಳಿ ಹೊರಹೋಗುವುದು ಆ ಸಡಿಲಿನಿಂದಲೇ. ನನ್ನದರಲ್ಲಿ ರಾಟೆಗೆ ರಾಟೆ ತಾಗುವವರೆಗೆ ಎಳೆದರೂ ಮೇಲ್ತುದಿ ಬಿಗಿಯಾಗಿಯೇ ಇತ್ತು. ಮಾಸ್ಟಿನ ಮೇಲಿನ ಅಕ್ಷರಗಳನ್ನು ಓದಿ ಅವರು ಕಾರಣ ಹೇಳಿದರು: ಅದು ಹಾರ್ಡ್ ಟಾಪ್, ಅಂದರೆ ಮೇಲ್ಭಾಗ ಕಡಿಮೆ ಬಾಗುವಂಥದ್ದು, ಹಾಯಿಯನ್ನು ಕತ್ತರಿಸಿದ್ದು ಕಾನ್ಸ್‌ಟಂಟ್ ಕರ್ವ್, ಅಂದರೆ ಉದ್ದಕ್ಕೂ ಸಮನಾಗಿ ಬಾಗುವ, ಮಾಸ್ಟಿಗೆ. ಎರಡೂ ತುದಿಗೆ ಆಸರೆ ಕೊಟ್ಟು ನಡುವೆ 30 ಕೆಜಿ ತೂಗುಹಾಕಿ ಅಳೆಯುವ ಐಎಂಸಿಎಸ್ ಗಡಸುತನ ಎರಡಕ್ಕೂ 25 ಎಂದೇ ಇತ್ತು, ಉದ್ದವೂ ಹೊಂದುತ್ತಿತ್ತು, ಬಾಗುವ ಬಗೆ ಮಾತ್ರ ಬೇರೆ. ಅಷ್ಟರಿಂದಲೇ ಹಾಯಿಗೆ ಇದ್ದ ಒಳ್ಳೆಯ ಗುಣವೂ ಹೋಗಿತ್ತು.

ಹಾಯಿಯ ಮೇಲೆ ಅಥವಾ ಪಟ್ಟಿಯಲ್ಲಿ ಮುದ್ರಿಸಿದ ಗಾಳಿಯ ಮಿತಿಯನ್ನು ನಿಮ್ಮ ಮಿತಿ ಎಂದು ಓದಬೇಡಿ. 60 ಕೆಜಿ ತೂಗುವವರಿಗೂ 90 ಕೆಜಿ ತೂಗುವವರಿಗೂ ಒಂದೇ ಸಂಖ್ಯೆ ಹೊಂದುವುದಿಲ್ಲ, ಮೇಲಿನ ತುದಿಯ ಸಂಖ್ಯೆ ಸಾಮಾನ್ಯವಾಗಿ ನುರಿತವರ ಕೈಯಲ್ಲಿ, ಸರಿಯಾದ ಮಾಸ್ಟಿನ ಮೇಲೆ ಮಾತ್ರ ನಿಜವಾಗುತ್ತದೆ. ನನ್ನ ತೂಕದವರು ಒಂದೇ ಹಾಯಿ ಕೊಳ್ಳುವುದಾದರೆ 6.5ರ ಸುಮಾರಿನ, ಕ್ಯಾಂಬರ್ ಇಲ್ಲದ, ಆರು ಬ್ಯಾಟನ್‌ನ ಹಾಯಿಯಿಂದ ಆರಂಭಿಸುವುದು ಒಳ್ಳೆಯದು; ಅದು ಹೆಚ್ಚುಕಡಿಮೆ 14ರಿಂದ 22 ನಾಟ್‌ವರೆಗೆ ನಡೆಯುತ್ತದೆ, ಅದಕ್ಕಿಂತ ಕಡಿಮೆ ಗಾಳಿಯಲ್ಲಿ ಬೋರ್ಡು ನಿಧಾನಕ್ಕೆ ಸಾಗುತ್ತದೆಯೇ ಹೊರತು ಕೆಡುಕಾಗುವುದಿಲ್ಲ. ಎರಡನೆಯದನ್ನು ಕೊಳ್ಳುವಾಗ ನಿಮ್ಮ ಜಾಗದಲ್ಲಿ ನೀವು ಹೆಚ್ಚು ದಿನ ದಡದಲ್ಲೇ ಉಳಿಯುವುದು ಗಾಳಿ ಸಾಲದೆಯೋ, ಗಾಳಿ ಹೆಚ್ಚಾಗಿಯೋ ಎಂದು ನೋಡಿ, ಎರಡರ ನಡುವೆ ಒಂದೂಕಾಲು ಚದರ ಮೀಟರಿಗಿಂತ ಹೆಚ್ಚು ಅಂತರ ಬಿಡಬೇಡಿ. 6.5 ಮತ್ತು 5.7ರಂಥ ಜೋಡಿ ಎಷ್ಟೋ ಕಂಪನಿಗಳಲ್ಲಿ ಒಂದೇ 430ರ ಮಾಸ್ಟಿಗೆ ಕೂರುತ್ತದೆ, ಅದರಿಂದ ಉಳಿಯುವ ಹಣ ಚಿಕ್ಕದಲ್ಲ. ಒಂದು ಬೋರ್ಡಿಗೆ ಎಷ್ಟು ದೊಡ್ಡ ಹಾಯಿ ಹೊಂದುತ್ತದೆ ಎಂಬುದಕ್ಕೂ ಮಿತಿ ಇದೆ, ಅದನ್ನೂ ನೋಡಿ. ಹಳೆಯ ಹಾಯಿ ಕೊಳ್ಳುವವರು ಮೊನೊಫಿಲ್ಮನ್ನು ಬೆಳಕಿಗೆ ಹಿಡಿಯಬೇಕು. ಬಿಸಿಲು ತಿಂದದ್ದು ಮಂಜುಮಂಜಾಗಿರುತ್ತದೆ, ಮಡಿಕೆಯಲ್ಲಿ ಬಿರುಕು ಬಿಡುತ್ತದೆ.

ಅಂಗಡಿಯವರ ಉತ್ತರ ಚಿಕ್ಕದಾಗಿತ್ತು: ಗಾಳಿ ಹೆಚ್ಚಾಗಿತ್ತು, ಬಳಸಿದ ರೀತಿ ತಪ್ಪು, ಗ್ಯಾರಂಟಿ ಅನ್ವಯಿಸುವುದಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ ಆನ್‌ಲೈನ್ ಖರೀದಿಗೆ ಕಾರಣ ಕೊಡದೆ ಹಿಂತಿರುಗಿಸಲು ಇರುವ 14 ದಿನಗಳ ಹಕ್ಕು ಅಂಗಡಿಗೆ ಹೋಗಿ ಕೊಂಡದ್ದಕ್ಕೆ ಇಲ್ಲ. ಮಾರಿದ ವಸ್ತು ಮಾರುವಾಗ ಹೇಳಿದಂತಿರಬೇಕೆಂಬ ಕಾನೂನು ಇದೆಯಾದರೂ, ಬಾಯಿಮಾತಿಗೆ ಸಾಕ್ಷಿ ಬೇಕು. ಬಿಲ್ಲಿನಲ್ಲಿ ಹಾಯಿಯ ಮತ್ತು ಮಾಸ್ಟಿನ ಹೆಸರು ಒಟ್ಟಿಗೆ ಇದ್ದುದರಿಂದ, ಇವೆರಡು ಹೊಂದುವುದಿಲ್ಲ ಎಂದು ಹಾಯಿ ತಯಾರಕರ ಪಟ್ಟಿಯನ್ನು ಮುಂದಿಟ್ಟ ಮೇಲೆ ಮಾಸ್ಟನ್ನು ಬದಲಿಸಿಕೊಟ್ಟರು. ಸೀಳಿದ ಹಾಯಿಯ ರಿಪೇರಿ ನನ್ನ ಖರ್ಚಿನಲ್ಲೇ ಆಯಿತು. ಆದ್ದರಿಂದ ಕೊಳ್ಳುವ ದಿನ ನಿಮ್ಮ ತೂಕ, ಬೋರ್ಡಿನ ಲೀಟರು, ಆ ತೂಕಕ್ಕೆ ಅವರು ಹೇಳುವ ಗಾಳಿಯ ಮಿತಿ, ಮಾಸ್ಟಿನ ಉದ್ದ, ಐಎಂಸಿಎಸ್ ಮತ್ತು ಬಾಗುವ ಬಗೆ ಇಷ್ಟನ್ನೂ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ, ಬರೆದುಕೊಡಲು ಒಪ್ಪದವರಲ್ಲಿ ಕೊಳ್ಳಬೇಡಿ, ಮತ್ತು ಹಣ ಕೊಡುವ ಮೊದಲು ಹಾಯಿಯನ್ನು ಆ ಮಾಸ್ಟಿಗೇ ಕಟ್ಟಿ ಮೇಲ್ತುದಿ ಸಡಿಲಾಗುವುದನ್ನು ಕಣ್ಣಾರೆ ನೋಡಿ.